ಮಗ್ಗ ನಿಲ್ಲಿಸುವ ರಟ್ಟು

"ಗುರುಗಳೇ, ಇಪ್ಪತ್ತು ವರ್ಷದಿಂದ ಚಹಾವನ್ನು ಒಲೆಯಿಂದ ಇಳಿಸಿದ ಕೂಡಲೇ ಕುಡಿಯುತ್ತಿದ್ದೇನೆ. ಅನ್ನನಾಳಕ್ಕೆ ಕ್ಯಾನ್ಸರ್ ಬಂದೀತೆಂದು ಡಾಕ್ಟರು ಹೆದರಿಸುತ್ತಾರೆ. ಇಷ್ಟು ದಿನ ಆಗದ್ದು ಇನ್ನು ಆಗುವುದುಂಟೇ?"

ಕೇಳಿದವನು ಮಠದ ಅಡುಗೆಮನೆ ನೋಡಿಕೊಳ್ಳುವ ಬಸಲಿಂಗ. ಕೈಯಲ್ಲಿ ಹಬೆಯಾಡುವ ಲೋಟ. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದ. ಗುರುಗಳು ನಕ್ಕುಬಿಟ್ಟರು.

"ಸುಟ್ಟ ಜಾಗಕ್ಕೆ ಅನ್ನನಾಳ ಹೊಸ ಜೀವಕೋಶ ಕಟ್ಟಿಕೊಳ್ಳುತ್ತದೆ. ಹಳೆಯ ಕೋಶದ ವರ್ಣತಂತುಗಳನ್ನು ನಕಲು ಮಾಡಿಯೇ ಕಟ್ಟಬೇಕು. ನಕಲು ತಪ್ಪಿದರೆ ಕೆಲಸ ನಿಲ್ಲಿಸುವ ಕಾವಲು ವಂಶವಾಹಿಯೂ ಆ ತಂತುಗಳಲ್ಲೇ ಇದೆ. ನಕಲು ಮಾಡುವವನೊಬ್ಬನ ಕತೆ ಹೇಳುತ್ತೇನೆ, ಕೂತುಕೋ" ಎಂದರು.

ಒಬ್ಬ ನೇಕಾರನಿದ್ದ. ಸೀರೆಯ ಅಂಚಿಗೆ ನವಿಲು ನೇಯುತ್ತಿದ್ದ. ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತಿಳಿಸುವುದು ತೂತು ಹೊಡೆದ ರಟ್ಟುಗಳ ಸರ. ಅವನ ಅಜ್ಜ ಆ ಸರದಲ್ಲಿ ಇನ್ನೊಂದು ರಟ್ಟು ಪೋಣಿಸಿದ್ದ. ಎಲ್ಲಿಯಾದರೂ ತಪ್ಪಿದರೆ ಅದು ಮಗ್ಗವನ್ನೇ ನಿಲ್ಲಿಸುತ್ತಿತ್ತು.

ನೇಕಾರನಿಗೆ ತಾಳ್ಮೆ ಎಂಬುದು ಗೊತ್ತಿರಲಿಲ್ಲ. ನೂಲಿಗೆ ಹಚ್ಚುವ ಗಂಜಿಯನ್ನು ಕುದಿಯುತ್ತಿರುವಾಗಲೇ ಮಗ್ಗದ ಬಳಿ ತರುತ್ತಿದ್ದ.

"ಗಂಜಿ ಆರ್ಲಿ, ತಡೀರಿ" ಎನ್ನುತ್ತಿದ್ದಳು ಹೆಂಡತಿ.

"ಆರೂತನಕ ಕುಂತ್ರ ಸೀರಿ ನಿಮ್ಮಪ್ಪ ನೇಯ್ತಾನೇನು?"

ಗಂಜಿ ಸಿಡಿದು ದಿನಕ್ಕೊಂದು ರಟ್ಟು ಹಾಳಾಗುತ್ತಿತ್ತು. ಅದನ್ನೇ ನೋಡಿ ಹೊಸದಕ್ಕೆ ತೂತು ಹೊಡೆಯುತ್ತಿದ್ದ. ಒಮ್ಮೊಮ್ಮೆ ತಪ್ಪುತ್ತಿತ್ತು. ಮಗ್ಗ ನಿಲ್ಲುತ್ತಿತ್ತು. ಬೈದುಕೊಂಡು ತಿದ್ದುತ್ತಿದ್ದ.

ಒಂದು ದಿನ ಗಂಜಿ ಅಜ್ಜನ ರಟ್ಟಿನ ಮೇಲೆಯೇ ಬಿತ್ತು. ಹೊಸದನ್ನು ಮಾಡುವಾಗ ಒಂದು ತೂತು ಬಿಟ್ಟುಹೋಯಿತು. ಅಂದು ನವಿಲು ಚೆನ್ನಾಗಿಯೇ ಬಂತು. ಮುಂದೆ ಮಗ್ಗ ಒಮ್ಮೆಯೂ ನಿಲ್ಲಲಿಲ್ಲ. ನೇಕಾರ ತನ್ನ ಕೈ ಪಳಗಿತೆಂದು ಮೀಸೆ ತಿರುವಿದ.

ಆಮೇಲೆ ಒಂದು ರಟ್ಟು ಎರಡು ಸಲ ಪೋಣಿಸಿಕೊಂಡಿತು. ಇನ್ನೊಂದು ಕಳಚಿ ಬಿತ್ತು. ಮತ್ತೊಂದು ತಲೆಕೆಳಗಾಯಿತು. ಕೊನೆಗೆ ಸೀರೆ ಬಿಡಿಸಿ ನೋಡಿದರೆ ನವಿಲಿಗೆ ಎರಡು ತಲೆ, ಕಾಲೇ ಇಲ್ಲ. ಅಂಚಿನಲ್ಲಿ ಇರಬೇಕಾದದ್ದು ಸೆರಗನ್ನೂ ದಾಟಿ ಒಡಲಿಗೆಲ್ಲ ಹಬ್ಬಿತ್ತು.

"ಇದು ಕೆಟ್ಟಿದ್ದು ಯಾವತ್ತು?" ಎಂದು ನೇಕಾರ ತಲೆ ಕೆರೆದುಕೊಂಡ.

"ನೀವು ಮೀಸಿ ತಿರುವಿದ ದಿನ" ಎಂದಳು ಹೆಂಡತಿ.

ಬಸಲಿಂಗ ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡು ತಲೆಯ ನವಿಲು ಅವನಿಗೆ ಬಹಳ ಹಿಡಿಸಿತು. ನಗುತ್ತಲೇ ಲೋಟವನ್ನು ತುಟಿಗೆ ತಂದ.

ಗುರುಗಳು ಮೆಲ್ಲಗೆ ಕೇಳಿದರು: "ಏನೂ ಆಗಿಲ್ಲ ಎಂದೆಯಲ್ಲ ಬಸಲಿಂಗ, ನಿನ್ನ ಅನ್ನನಾಳದೊಳಗಿನ ಅಜ್ಜನ ರಟ್ಟು ಇನ್ನೂ ಸರಿಯಾಗಿದೆಯೆಂದು ನೋಡಿ ಬಂದವರು ಯಾರು?"

ಬಸಲಿಂಗ ಲೋಟವನ್ನು ಕಟ್ಟೆಯ ಮೇಲೆ ಆರಲು ಇಟ್ಟ.