ಬೆದರೋ ಕೆಂದಿ, ಹೂಂ ಅನ್ನೋ ಬೋರ

ಕೇಳ್ರಪ್ಪ. ನಗೋರು ನಗ್ರಿ, ಓಬಕ್ಕನ ಎದುರಿಗೆ ಮಾತ್ರ ನಗಬೇಡಿ.

ಓಬಕ್ಕಂಗೆ ಒಬ್ಬನೇ ಮಗ, ಬೋರ. ವಯಸ್ಸು ಇಪ್ಪತ್ತೆಂಟು. ಮೀಸೆ ನೋಡಿದ್ರೆ ಬುದ್ಧಿವಂತ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಅದೇ ತೊಂದರೆ. ಮಗ ಬಿಟ್ರೆ ಅವಳಿಗಿದ್ದದ್ದು ಒಂದು ಕಡಸು, ಕೆಂದಿ. ತಾಯಿ ಸತ್ತ ಕರುವನ್ನ ಓಬಕ್ಕನೇ ಗಂಜಿ ಕುಡಿಸಿ ಸಾಕಿದ್ಲು. ಬೆಳೀತು, ಆದ್ರೆ ಬರೀ ಬೆದರು. ಎಲೆ ಬಿದ್ರೆ ಎಗರೋದು, ಯಾರಾದ್ರೂ ಸೀನಿದ್ರೆ ಓಡೋದು.

ಹಟ್ಟಿ ಸುತ್ತ ಹುಲ್ಲು ಮುಗೀತು. ದನವೆಲ್ಲ ದೂರದ ಕಾವಲಿಗೆ, ಬೇಲಿ ಹಾಕಿದ ಹುಲ್ಲುಗಾವಲಿಗೆ, ಮೇಯೋಕೆ ಹೊರಡಬೇಕು. ದನ ಕಾಯೋ ಕಿಲಾರಿ ಪಾಲಯ್ಯ ಬಂದು ಹೇಳ್ದ:

"ಓಬಕ್ಕ, ಮೂರು ದಿನ ನಿನ್ನ ಕಡಸನ್ನ ದೊಡ್ಡೀಲಿ ಬಿಟ್ಟು ನೋಡ್ತೀನಿ. ಹಿಂಡಿಗೆ ಹೊಂದಿಕೊಂಡ್ರೆ ಹೊಡ್ಕೊಂಡು ಹೋಗ್ತೀನಿ. ಇಲ್ದಿದ್ರೆ ನೀನೇ ಇಟ್ಕೋ."

ಏನು ಹಾಕಿ ಇಟ್ಕೋತಾಳೆ? ಮನೇಲಿ ಹಿಡಿ ಹುಲ್ಲಿಲ್ಲ. ಹಿಂಡಿನ ಜೊತೆ ಹೋಗದಿದ್ರೆ ಕೆಂದಿ ಉಳಿಯಲ್ಲ.

"ಬೋರಾ, ಹೋಗಿ ಕೆಂದೀನ ನೋಡ್ಕೋ. ಸದ್ದು ಮಾಡಬೇಡ!"

"ಹೂಂ ಕಣವ್ವ."

ಸದ್ದೇ ಮಾಡಲಿಲ್ಲ. ಹಿಂದಿನಿಂದ ಬೆಕ್ಕಿನ ಹಾಗೆ ಹೋದ, ಹೋಗಿ ಬಾಲ ಹಿಡ್ಕೊಂಡ. ಕೆಂದಿ ಎಗರ್ತು. ಕೆಂದಿ ಎಗರಿದ್ದಕ್ಕೆ ಹಿಂಡೆಲ್ಲ ಎಗರ್ತು. ಮುಳ್ಳುಬೇಲಿ ಕಿತ್ತೋಯ್ತು, ಪಾಲಯ್ಯನ ಮುದ್ದೆ ಮಡಕೆ ಚೂರುಚೂರು.

"ಲೇ ಮುಂಡೇದೆ! ಕಳ್ಳನ ಥರ ಹೋಗ್ತಾರೇನೋ? ದೂರದಿಂದಲೇ 'ಹೋ ಹೋ! ಬಂದೆ, ಬಂದೆ!' ಅಂತ ಕೂಗ್ತಾ ಹೋಗಬೇಕು!"

"ಹೂಂ ಕಣವ್ವ."

ಮಾರನೇ ದಿನ ಪಾಲಯ್ಯನ ಹೆಂಡತಿ ದೊಡ್ಡಿ ಪಕ್ಕದ ಮರಕ್ಕೆ ಜೋಲಿ ಕಟ್ಟಿ, ಬೆಳಗಿನಿಂದ ಅಳ್ತಿದ್ದ ಕೂಸನ್ನ ಆಗಷ್ಟೇ ಮಲಗಿಸಿದ್ಲು. ಬೋರನಿಗೆ ಕೈಸನ್ನೆ ಮಾಡಿದ್ಲು, ಒಂದು ಚೆಂಬು ನೀರು ತಂದುಕೊಡು ಅಂತ.

"ಹೋ ಹೋ! ಬಂದೆ, ಬಂದೆ!"

ಕೂಗ್ತಾ ಕೂಗ್ತಾ ಜೋಲಿತನಕ ಬಂದ. ಕೂಸು ಕಿಟಾರನೆ ಕಿರುಚ್ತು. ಕೆಂದಿ ಕೇಳಿಸ್ಕೊಳ್ತು. ಕಟ್ಟಿದ್ದ ಬೇಲಿ ಮತ್ತೆ ಹೋಯ್ತು.

"ಅಯ್ಯೋ ನನ್ನ ಕರ್ಮವೇ! ಹತ್ರ ಹೋದ್ಮೇಲೂ ಅರಚ್ತೀಯೇನೋ? ಬಾಯಿ ಮುಚ್ಕೊಂಡು ಬೆನ್ನು ತಟ್ಟು. ಕತ್ತಿನ ಕೆಳಗೆ ಜೋತಿರೋ ಗಂಗೆದೊಗಲು ಸವರು. ಬಾಯಿಗೆ ಒಂದು ಹಿಡಿ ಉಪ್ಪಿಡು. ಎಂಥ ಸಿಟ್ಟಿದ್ರೂ ಇಳಿಯುತ್ತೆ!"

"ಹೂಂ ಕಣವ್ವ."

ಮೂರನೇ ದಿನ ಪಾಲಯ್ಯನೇ ಬಂದ. ಬೇಲಿ ಕಟ್ಟಿ ಕಟ್ಟಿ ಕೈಯೆಲ್ಲ ಮುಳ್ಳು, ಮುಖ ಕೆಂಡ. ಎಂಥ ಸಿಟ್ಟು ಅಂತ ಬೋರನಿಗೂ ಗೊತ್ತಾಯ್ತು. ಮಾತಾಡದೆ ಹೋಗಿ ಬೆನ್ನು ತಟ್ಟಿದ. ಪಾಲಯ್ಯನಿಗೆ ವಯಸ್ಸಾಗಿತ್ತು, ಗಲ್ಲದ ಕೆಳಗೆ ಚರ್ಮ ಜೋತಿತ್ತು. ಅದನ್ನ ಸವರಿದ. ಪಾಲಯ್ಯ ಬೈಯೋಕೆ ಅಂತ ಬಾಯಿ ತೆಗೆದ. ಬೋರ ಹಿಡಿ ಉಪ್ಪು ಹಾಕ್ದ.

"ಥೂ! ಥೂ! ಓಬಕ್ಕಾ! ನಾಳೆ ಬೆಳಿಗ್ಗೆ ಹೊರಡ್ತೀವಿ. ನಿನ್ನ ಕಡಸೂ ಬೇಡ, ನಿನ್ನ ಮಗನ ಉಪ್ಪೂ ಬೇಡ!"

"ಪಾಲಣ್ಣ, ಪಾಲಣ್ಣ, ಹಂಗನ್ನಬೇಡಪ್ಪ! ನನ್ನ ಕೈಯಾರೆ ಬೆಳೆಸಿದ್ದು ಅದು. ಒಂದೇ ಒಂದು ಸಲ ನೋಡು!"

"ನೋಡ್ತೀನಿ. ದಾರೀಲಿ ಎಗರಿತೋ, ಅಲ್ಲೇ ಬಿಟ್ಟು ಹೋಗ್ತೀನಿ."

ಅವನು ಹೋದ ಮೇಲೆ ಓಬಕ್ಕ ಮಗನ ಕೈಗೆ ಹಗ್ಗ ಕೊಟ್ಲು.

"ಕೇಳೋ ಬಂಡೆಗಲ್ಲೇ! ಎಗರಾಡೋದನ್ನ ಸಾಧುವಾಗಿರೋದಕ್ಕೆ ಕಟ್ಟಬೇಕು. ಸಾಧು ನಡೆದ ಹಾಗೇ ಅದೂ ನಡೆಯುತ್ತೆ. ಕಾವಲು ಸೇರೋತನಕ ಬಿಚ್ಚಬೇಡ. ಯಾರು ಹೇಳಿದ್ರೂ ಬಿಚ್ಚಬೇಡ!"

"ಹೂಂ ಕಣವ್ವ."

ಬೆಳಿಗ್ಗೆ ಹಿಂಡು ಹೊರಟು ನಿಂತಿದೆ. ಓಬಕ್ಕ ಬಂದು ನೋಡ್ತಾಳೆ, ಕೆಂದಿ ಇನ್ನೂ ಒಂಟಿಯಾಗೇ ಇದೆ.

"ಕಟ್ಟಿಲ್ವೇನೋ? ಯಾವಾಗ ಕಟ್ತೀಯೋ? ನಾನು ಸತ್ತ ಮೇಲಾ?"

ಕೈ ಬೀಸಿದ್ಲು, ಕಾಲು ಅಪ್ಪಳಿಸಿದ್ಲು, ನಿಂತಲ್ಲೇ ಕುಣಿದ್ಲು. ಕೆಂದಿ ಪಕ್ಕದಲ್ಲೇ ಮೆಲುಕು ಹಾಕ್ತಾ ನಿಂತಿತ್ತು. ಬೋರ ಇಬ್ಬರನ್ನೂ ನೋಡ್ದ. ಎಗರಾಡೋದು ಯಾವುದು? ಅವ್ವ. ಸಾಧುವಾಗಿರೋದು ಯಾವುದು? ಕೆಂದಿ. ಹಗ್ಗದ ಒಂದು ತುದಿ ಕೆಂದಿ ಕೊರಳಿಗೆ ಕಟ್ಟಿದ, ಇನ್ನೊಂದು ಅವ್ವನ ಸೊಂಟಕ್ಕೆ. ಗಂಟು ಗಟ್ಟಿಯಾಗೇ ಹಾಕ್ದ.

ಹಿಂಡು ಹೊರಟೇಬಿಡ್ತು, ಹಿಂದೆ ಹಟ್ಟಿ ಜನವೂ.

"ಬಿಚ್ಚೋ, ಹಾಳಾದೋನೆ!"

"ಯಾರು ಹೇಳಿದ್ರೂ ಬಿಚ್ಚಬೇಡ ಅಂದಿದೀಯಲ್ಲವ್ವ."

ಓಬಕ್ಕ ಬಾಯಿ ಮುಚ್ಚಿ ತಾನೇ ಗಂಟಿಗೆ ಕೈ ಹಾಕಿದ್ಲು. ದನಿ ನಿಂತದ್ದೇ ತಡ, ಕೆಂದಿ ಕಿವಿ ನೆಟ್ಟಗಾಯ್ತು, ಮೈ ನಡುಗ್ತು. ಹಿಂದಿನಿಂದ ಪಾಲಯ್ಯ ಕೂಗ್ದ:

"ಬೈಯಕ್ಕ, ಬೈಯಿ! ನಿಲ್ಲಿಸಬೇಡ! ಕರುವಾಗಿದ್ದಾಗಿಂದ ನಿನ್ನ ಬೈಗುಳ ಕೇಳ್ಕೊಂಡೇ ಬೆಳೆದಿದೆ. ನೀನು ಬೈತಿದ್ರೆ ಸುಮ್ನೆ ಬರುತ್ತೆ!"

ಓಬಕ್ಕ ಗಂಟಿನಿಂದ ಕೈ ತೆಗೆದ್ಲು. ಬೈದ್ಲು. ಹಳ್ಳ ದಾಟೋವರೆಗೂ ಬೋರನ್ನ ಬೈದ್ಲು, ಗುಡ್ಡ ಹತ್ತೋವಾಗ ಬೋರನ ಅಪ್ಪನ್ನ, ಗುಡ್ಡ ಇಳಿಯೋವಾಗ ಅಪ್ಪನ ಅಪ್ಪನ್ನ. ಕೆಂದಿ ಒಂದು ಹೆಜ್ಜೆ ತಪ್ಪದೆ ನಡೀತು.

ಕಾವಲಿನ ಬಾಗಿಲು ಕಾಣ್ತು. ಅಲ್ಲೇ ಓಬಕ್ಕನ ಗಂಟಲು ಕಟ್ಟೋಯ್ತು. ಬಾಯಿ ಆಡುತ್ತೆ, ದನಿ ಇಲ್ಲ. ಕೆಂದಿ ನಿಂತ್ಕೊಳ್ತು. ಮೂಗು ಅರಳ್ತು, ಬಾಲ ಎದ್ದಿತು. ಓಬಕ್ಕನ ಕಣ್ಣಲ್ಲಿ ನೀರು.

"ಬೋರಾ! ನೀನು ಬೈಯೋ!" ಅಂತ ಪಾಲಯ್ಯ ಅರಚಿದ. "ನಿಮ್ಮವ್ವ ಹೆಂಗೆ ಬೈತಾಳೋ ಹಂಗೇ ಬೈಯಿ! ಬೇಗ!"

"ಹೂಂ ಪಾಲಣ್ಣ."

ಬೋರ ಸೊಂಟದ ಮೇಲೆ ಕೈ ಇಟ್ಕೊಂಡ.

"ಲೇ ಬೋರಾ! ನಿನ್ನ ಹಡೆಯೋ ಬದಲು ಒಂದು ಹಾರೆ ಹಡೆದಿದ್ರೆ ಗುಂಡೀನಾದ್ರೂ ತೋಡ್ತಿತ್ತಲ್ಲೋ! ನಿಂಗೆ ಯಾರೋ ಹೆಣ್ಣು ಕೊಡ್ತಾರೆ? ತಿನ್ನೋಕೆ ಮುಂದೆ, ತಿಳ್ಕೊಳ್ಳೋಕೆ ಹಿಂದೆ! ಮುಖ ತೋರಿಸಬೇಡ, ಹೋಗು ಆಚೆ!"

ಕೆಂದಿ ಕಿವಿ ಇಳೀತು. ಬಾಲ ಇಳೀತು. ಹಿಂಡಿನ ನಡುವೆ ಸೇರ್ಕೊಂಡು, ಓಬಕ್ಕನ್ನೂ ಎಳ್ಕೊಂಡು, ನೆಟ್ಟಗೆ ಕಾವಲಿನ ಒಳಗೆ ಹೋಯ್ತು. ಪಾಲಯ್ಯ ಗಂಟು ಬಿಚ್ಚಿ, "ಆಯ್ತಕ್ಕ, ನಿನ್ನ ಕಡಸು ಇನ್ನು ನನ್ನ ಹಿಂಡಿಂದು," ಅಂದ. ಬಾಗಿಲು ಹಾಕೋಕೆ ತಿರುಗಿದ್ರೆ, ಬೋರ ಆಚೆ ಕಡೆ ಕಲ್ಲಿನ ಮೇಲೆ ಮುಖ ತಿರುಗಿಸ್ಕೊಂಡು ಕೂತಿದಾನೆ.

"ಒಳಗೆ ಬಾರೋ!"

"ನಾನು ಬರಲ್ಲ ಹೋಗು ಪಾಲಣ್ಣ." ಬೋರನ ಮುಖ ಸಿಟ್ಟಿಗೆ ಕೆಂಪಾಗಿತ್ತು. "ಅಷ್ಟೊಂದು ಜನದ ಮುಂದೆ ಹಂಗೆಲ್ಲ ಬೈದ್ರೆ ಯಾರು ಬರ್ತಾರೆ? ನಂಗೂ ಮಾನ ಇದೆ."