ನೀರು ಉಪ್ಪಿನ ಕೈ ಹಿಡಿದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ನೇರ ನಡೆಯುವುದೋ ಅಡ್ಡ ನಡೆಯುವುದೋ ಎಂದು ಏಡಿಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ಆ ಕಾಲದ ಮಾತು ಇದು. ಹತ್ತಿರ ಬಂದು ಕೂತುಕೋ ಮಗೂ, ಸ್ವಲ್ಪ ಹೆದರಿಕೆಯ ಕಥೆ.

ಆಗ ನೀರಿಗೆ ಒಂದು ಭಯವಿತ್ತು. ಕತ್ತಲೆಯ ಭಯ.

ಹೊಳೆಯಲ್ಲಿದ್ದರೆ ಮೇಲೆ ಆಕಾಶ ಕಾಣುತ್ತದೆ, ಅಲ್ಲಿ ಅವಳು ಆರಾಮ. ಕೊಡದ ಬಾಯಲ್ಲಿ ಚೂರು ಬೆಳಕು ಇಣುಕುತ್ತದೆ, ಅಲ್ಲೂ ಹೇಗೋ ಇರುತ್ತಿದ್ದಳು. ಆದರೆ ಮನುಷ್ಯರ ಹೊಟ್ಟೆಯೊಳಗೆ ಏನಿದೆ ಹೇಳು? ಬರೀ ಕತ್ತಲೆ. ಗಂಟಲು ಇಳಿದ ಕೂಡಲೇ ನೀರಿನ ಎದೆ ಢವಢವ ಎನ್ನುತ್ತಿತ್ತು. ಸಿಕ್ಕ ಬಾಗಿಲಿನಿಂದ ಹೊರಗೆ ಓಟ.

ಹಾಗಾಗಿ ಆ ಕಾಲದ ಜನ ಕುಡಿಯುತ್ತಿದ್ದರು, ಓಡುತ್ತಿದ್ದರು. ಮತ್ತೆ ಕುಡಿಯುತ್ತಿದ್ದರು, ಮತ್ತೆ ಪೊದೆಯ ಹಿಂದೆ ಓಡುತ್ತಿದ್ದರು. ನಗಬೇಡ. ಅವರಿಗೆ ನಗು ಬರುತ್ತಿರಲಿಲ್ಲ. ಹೊಳೆಯ ದಂಡೆ ಬಿಟ್ಟು ಕೂಗಳತೆ ಆಚೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಹೊರಗೆ ಬಾಯಾರಿಕೆ ಇತ್ತು.

ಬಾಯಾರಿಕೆಗೆ ಆಗ ಮೈಯಿತ್ತು, ಮುಖವಿರಲಿಲ್ಲ. ಒಣಗಿದ ಎಲೆಯ ಸದ್ದು ಮಾಡುತ್ತಾ ನಡೆಯುತ್ತಿತ್ತು. ನಡು ಮಧ್ಯಾಹ್ನ ಬಂದು ಹೊಸ್ತಿಲ ಹೊರಗೆ ಕೂರುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಕಾಯುವುದೊಂದೇ ಅದರ ಕೆಲಸ.

ಹೊಳೆ ಸಮುದ್ರ ಸೇರುವಲ್ಲಿ ಉಬ್ಬರದ ನೀರು ನುಗ್ಗುವ ತಗ್ಗು ನೆಲವಿತ್ತು. ಅದಕ್ಕೆ ಗಜನಿ ಎನ್ನುತ್ತಾರೆ. ಸಮುದ್ರ ಹಿಂದೆ ಸರಿದು ಬಿಸಿಲು ಬಿದ್ದರೆ ಗಜನಿಯ ಕೆಸರಿನ ಮೇಲೆ ಬೆಳ್ಳಗೆ ಉಪ್ಪು ಕೂರುತ್ತಿತ್ತು. ಉಪ್ಪು ಕೂತಲ್ಲಿ ಹುಲ್ಲು ಸಾಯುತ್ತಿತ್ತು. ಉಪ್ಪಿನಲ್ಲಿ ಸಿಕ್ಕ ಮೀನು ಕಟ್ಟಿಗೆಯಂತೆ ಸೆಟೆಯುತ್ತಿತ್ತು. ಜನ ಅದರ ಹೆಸರನ್ನೂ ಹೇಳುತ್ತಿರಲಿಲ್ಲ, ‘ಆ ಬಿಳಿಯದು’ ಎನ್ನುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಇನ್ನೂ ಹುಟ್ಟಿರಲಿಲ್ಲ. ಯಾರಾದರೂ ಹೇಳಿದ್ದರೆ ಅವರ ಬಾಯಿ ತೊಳೆಸುತ್ತಿದ್ದರು.

ತೊಳೆಸುವುದು ಎಂದೆನಲ್ಲ, ಅದು ಹೊನ್ನಜ್ಜಿಯ ಕಟ್ಟಳೆ. ಗಜನಿಯ ಪಕ್ಕದ ಕೇರಿಗೆ ಹೊನ್ನಜ್ಜಿಯೇ ಹಿರಿಯಳು. ಅವಳ ದೊಡ್ಡ ಮಗ ಬೀರ ಒಮ್ಮೆ ದೋಣಿಯಲ್ಲಿ ಹೋದವನು ಗಾಳಿಯಿಲ್ಲದೆ ನಡು ಸಮುದ್ರದಲ್ಲಿ ಸಿಕ್ಕಿಬಿದ್ದ. ಕುಡಿಯುವ ನೀರು ಮುಗಿಯಿತು. ಸುತ್ತ ನೀರೇ ನೀರು ಕಂಡು ಸಮುದ್ರವನ್ನೇ ಬೊಗಸೆಯಲ್ಲಿ ಮೊಗೆದು ಕುಡಿದ. ದೋಣಿ ದಡಕ್ಕೆ ಬಂದಾಗ ಅವನ ಹೊಟ್ಟೆ ತುಂಬಿತ್ತು, ನಾಲಗೆ ಒಣಗಿ ಕಪ್ಪಾಗಿತ್ತು, ಜೀವ ಇರಲಿಲ್ಲ. ಅಂದಿನಿಂದ ಹೊನ್ನಜ್ಜಿ ಹೇಳಿಬಿಟ್ಟಳು: ದಡದ ಕಡೆಯಿಂದ ಬಂದವರು ಯಾರೇ ಆಗಲಿ, ಹೊಸ್ತಿಲಲ್ಲಿ ನಿಂತು ಕೈ ತೊಳೆಸಿಕೊಳ್ಳಬೇಕು. ಬಿಳಿಯದರ ಒಂದು ಕಣವೂ ನೀರಿನ ಕೊಡಕ್ಕೆ ತಾಗಕೂಡದು. ಮಗನನ್ನು ಕಳೆದುಕೊಂಡ ತಾಯಿಯ ಮಾತು, ಯಾರು ಮೀರುತ್ತಾರೆ?

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಹೊನ್ನಜ್ಜಿಯ ಮೊಮ್ಮಗಳು ಬೊಮ್ಮಿಗೆ ಹೊಟ್ಟೆ ಕೆಟ್ಟಿತು. ಬೊಮ್ಮಿ ಅಂದರೆ ಬೀರನ ತಮ್ಮನ ಮಗಳು, ಇನ್ನೂ ತೊದಲು ಮಾತಾಡುವ ಕೂಸು. ಮೇಲಿಂದ ವಾಂತಿ, ಕೆಳಗಿಂದ ಭೇದಿ. ಅಪ್ಪ ದೋಣಿಯ ಮೇಲೆ ದೂರ ಹೋಗಿದ್ದ. ಅಮ್ಮ ಮಂಕಾಳಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನೀರು ಕುಡಿಸಿದಳು. ನೀರು ಹೋದ ದಾರಿಯಲ್ಲೇ ಓಡಿ ಬಂತು. ಇನ್ನಷ್ಟು ಕುಡಿಸಿದಳು. ಇನ್ನಷ್ಟು ಓಡಿ ಬಂತು.

ಬೊಮ್ಮಿಯ ಕಣ್ಣು ಗುಳಿಬಿದ್ದವು. ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದ ಹಾಗೆಯೇ ನಿಲ್ಲುತ್ತಿತ್ತು. ಅಳುವುದಕ್ಕೆ ಬಾಯಿ ತೆರೆದಳು, ಒಂದು ಹನಿ ಕಣ್ಣೀರೂ ಬರಲಿಲ್ಲ. ಕಣ್ಣೀರಿಲ್ಲದ ಆ ಅಳು ಕೇಳಿ ಮಂಕಾಳಿ ಮಗಳನ್ನು ಎದೆಗೆ ಅವಚಿಕೊಂಡಳು.

ಹೊರಗೆ ಒಣಗಿದ ಎಲೆಯ ಸದ್ದಾಯಿತು. ಬಾಯಾರಿಕೆ ಬಂದು ಹೊಸ್ತಿಲ ಆಚೆ ಕೂತಿತು.

“ಎಂತ ಮಾಡೂದು ಅತ್ತೆ? ಕುಡಿಸಿದ್ದೆಲ್ಲ ಹೊರಗೆ ಹೋಗ್ತಾ ಉಂಟು” ಎಂದಳು ಮಂಕಾಳಿ.

“ಗಂಜಿ ತಿಳಿ ಬಸಿದಿಟ್ಟಿದೇನೆ, ಆರಲಿ, ಕುಡಿಸುವಾ” ಎಂದಳು ಹೊನ್ನಜ್ಜಿ. ಅವಳು ಹೊಸ್ತಿಲ ಕಡೆ ನೋಡಲಿಲ್ಲ.

ಮಂಕಾಳಿ ನೋಡಿದಳು. ಬಾಯಾರಿಕೆ ಒಂದು ಕಾಲನ್ನು ಹೊಸ್ತಿಲ ಈಚೆ ಇಟ್ಟಿತ್ತು.

ಅವಳು ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಹೊಳೆಗೆ ಓಡಿದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಬೇಡಿಕೊಂಡಳು: “ನೀರವ್ವಾ, ನನ್ನ ಕೂಸಿನ ಹೊಟ್ಟೆಯಲ್ಲಿ ಒಂದು ಗಳಿಗೆ ನಿಲ್ಲು. ಎಂತಕ್ಕೆ ಓಡಿ ಬರ್ತೀ?”

“ಹೆದರಿಕೆ ಮಂಕಾಳಿ” ಎಂದಳು ನೀರು. “ಒಳಗೆ ಏನೂ ಕಾಣುವುದಿಲ್ಲ. ಕೈ ಹಿಡಿಯುವವರು ಯಾರೂ ಇಲ್ಲ.”

“ಯಾರು ಹಿಡಿದರೆ ನಿಲ್ತೀ?”

ನೀರು ಮೆಲ್ಲಗೆ ಹೇಳಿದಳು: “ಸಮುದ್ರದ ತಳದಲ್ಲೂ ಕತ್ತಲೆಯೇ. ಅಲ್ಲಿ ನನಗೆ ಹೆದರಿಕೆಯಾಗುವುದಿಲ್ಲ. ಅಲ್ಲಿ ಒಬ್ಬ ನನ್ನ ಕೈ ಹಿಡಿದರೆ ಬಿಡುವುದೇ ಇಲ್ಲ. ನೀವು ಅವನ ಹೆಸರು ಹೇಳುವುದಿಲ್ಲ.”

ಮಂಕಾಳಿಗೆ ಅರ್ಥವಾಯಿತು. ಮೈದುಂಬಿ ನಗುತ್ತಿದ್ದ ಭಾವನ ಒಣಗಿದ ನಾಲಗೆ ಅವಳ ಕಣ್ಣ ಮುಂದೆ ಬಂತು. ಆದರೂ ಕಾಲು ಗಜನಿಯ ಕಡೆಗೇ ಓಡಿದವು. ತಾಯಿಯ ಕಾಲು ತಾಯಿಯ ಬುದ್ಧಿಯನ್ನು ಕೇಳಿಕೊಂಡು ಓಡುವುದಿಲ್ಲ ಮಗೂ.

ಗಜನಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನೆರಳಿಲ್ಲ, ಹಕ್ಕಿಯಿಲ್ಲ.

“ಹತ್ತಿರ ಬರಬೇಡ” ಎಂದಿತು ಉಪ್ಪು. “ನಾನು ಮುಟ್ಟಿದ್ದೆಲ್ಲ ಒಣಗುತ್ತದೆ. ನನಗೆ ನನ್ನನ್ನು ಕಂಡರೇ ಭಯ.”

“ನೀರಿನ ಕೈ ಹಿಡೀಲಿಕ್ಕೆ ಬಾ. ನನ್ನ ಮಗಳು ಸಾಯ್ತಾ ಇದಾಳೆ.”

“ನಿನ್ನ ಭಾವನೂ ಸತ್ತ. ಸಾಯಿಸಿದ್ದು ನಾನೇ” ಎಂದಿತು ಉಪ್ಪು. “ನಾವು ಗುಂಪಾಗಿ ಹೋದೆವು. ಗುಂಪಾಗಿ ಹೋದರೆ ಮೈಯಲ್ಲಿರುವ ನೀರನ್ನೆಲ್ಲ ನಮ್ಮ ಕಡೆಗೇ ಎಳೆದುಕೊಂಡು ಹೊರಗೆ ಬಂದುಬಿಡುತ್ತೇವೆ. ನಿಲ್ಲಿಸಬೇಕೆಂದರೂ ಗೊತ್ತಾಗುವುದಿಲ್ಲ.”

“ಹಾಗಾದ್ರೆ ಎಷ್ಟು ಬೇಕು?”

“ಎರಡು ಬೆರಳ ತುದಿಗೆ ಹಿಡಿಸಿದಷ್ಟು. ಆಸೆಪಟ್ಟು ಮುಷ್ಟಿ ಮಾಡಬೇಡ. ಇನ್ನೊಂದು ಮಾತು. ನಾನೊಂದೇ ಹೋದರೆ ಒಳಗಿನ ಬಾಗಿಲು ತೆರೆಯುವುದಿಲ್ಲ. ಅನ್ನದ ಸಿಹಿಯನ್ನು ಜೊತೆಗೆ ಕಳಿಸು, ಅದಕ್ಕೆ ದಾರಿ ಗೊತ್ತು. ಮತ್ತೆ ಕೇಳು, ನೀರು ಹೊರಗೆ ಬರುವಾಗ ನಾನೂ ಅವಳ ಜೊತೆಗೇ ಬರುತ್ತೇನೆ. ಆ ಕತ್ತಲೆಯಲ್ಲಿ ಒಬ್ಬಂಟಿ ಕೂರಲು ನನಗೂ ಆಗದು. ಅವಳನ್ನು ಮತ್ತೆ ಕರೆಯುವಾಗ ನನ್ನನ್ನೂ ಕರೆಯಬೇಕು.”

ಮಂಕಾಳಿ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಚಿಟಿಕೆ ಹಿಡಿದಳು. ಬೆರಳು ಸಡಿಲಿಸದೆ ಓಡಿದಳು. ದಾರಿಯಲ್ಲಿ ಮುಳ್ಳು ತುಳಿದಳು, ನಿಲ್ಲಲಿಲ್ಲ.

ಹೊಸ್ತಿಲಿಗೆ ಬಂದು ನೋಡಿದರೆ ಬಾಯಾರಿಕೆ ಅಲ್ಲಿ ಇರಲಿಲ್ಲ. ಅದು ಒಳಗೆ ಬೊಮ್ಮಿಯ ತಲೆಯ ಹತ್ತಿರ ಕೂತಿತ್ತು. ಬೊಮ್ಮಿ ಈಗ ಅಳುತ್ತಲೂ ಇರಲಿಲ್ಲ.

ಹೊನ್ನಜ್ಜಿ ನೀರಿನ ತಂಬಿಗೆ ಹಿಡಿದು ಅಡ್ಡ ನಿಂತಳು. “ಬೆರಳಲ್ಲಿ ಎಂತದೇ ಅದು?”

ಮಂಕಾಳಿಯ ಬೆರಳ ಸಂದಿಯಲ್ಲಿ ಬೆಳ್ಳಗೆ ಕಾಣುತ್ತಿತ್ತು.

“ನನ್ನ ಮಗನನ್ನು ತಿಂದದ್ದು ಸಾಲದಾ? ತೊಳಿ ಕೈ” ಎಂದಳು ಹೊನ್ನಜ್ಜಿ.

ಕಟ್ಟಳೆ ಮೀರಿದವರಿಗೆ ಕೇರಿಯಲ್ಲಿ ಜಾಗವಿಲ್ಲ. ಕೈ ತೊಳೆದರೆ ಉಪ್ಪು ಕರಗಿ ಮಣ್ಣುಪಾಲು. ಮಂಕಾಳಿ ಸುತ್ತ ನೋಡಿದಳು. ಹೊಸ್ತಿಲ ಪಕ್ಕದ ಜಗಲಿಯ ಮೇಲೆ ಗಂಜಿ ತಿಳಿಯ ಮಡಕೆ ಆರಲು ಇಟ್ಟಿತ್ತು.

ಅವಳು ಮಡಕೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಎರಡು ಬೆರಳನ್ನು ಅದರ ಬಾಯಿಯ ಮೇಲೆ ಚಾಚಿದಳು.

“ತೊಳಿ ಅಂದ್ರಲ್ಲ ಅತ್ತೆ, ಹೊಯ್ಯಿರಿ. ನಿಮ್ಮ ಮಾತು ನಾನು ಮೀರುದಿಲ್ಲ.”

ಹೊನ್ನಜ್ಜಿಯ ತಂಬಿಗೆ ಗಾಳಿಯಲ್ಲೇ ನಿಂತಿತು. ಸೊಸೆಯ ಹಠ ಅವಳಿಗೆ ಗೊತ್ತಿತ್ತು. ಒಳಗೆ ಮಲಗಿದ ಮೊಮ್ಮಗಳ ಎದೆ ಏಳುವುದೂ ಇಳಿಯುವುದೂ ಕಾಣುತ್ತಿರಲಿಲ್ಲ. ಅವಳು ಹೊಯ್ದಳು. ಸಣ್ಣಗೆ, ಬೆರಳಿಗೆ ಮಾತ್ರ ತಾಗುವ ಹಾಗೆ. ಉಪ್ಪು ಕರಗಿ ನೀರಿನೊಂದಿಗೆ ಗಂಜಿ ತಿಳಿಗೆ ಇಳಿಯಿತು.

ಮಂಕಾಳಿ ಮೊದಲು ತಾನು ಕುಡಿದು ನೋಡಲು ಮಡಕೆ ಎತ್ತಿದಳು. ಹೊನ್ನಜ್ಜಿ ಅದನ್ನು ಕಿತ್ತುಕೊಂಡಳು.

“ಕೊಲ್ಲುದಾದ್ರೆ ಮುದುಕಿಯನ್ನು ಕೊಲ್ಲಲಿ. ನೀನು ಹೋದ್ರೆ ಕೂಸಿಗೆ ಯಾರು?” ಎಂದು ಕಣ್ಣು ಮುಚ್ಚಿ ದೊಡ್ಡ ಗುಟುಕು ಕುಡಿದಳು.

ಇಬ್ಬರೂ ಕಾದರು. ಬಾಯಾರಿಕೆ ಮುಖವಿಲ್ಲದ ತಲೆಯನ್ನು ತಿರುಗಿಸಿ ಅಜ್ಜಿಯ ಕಡೆ ನೋಡಿತು. ಎದ್ದು ಬರಲಿಲ್ಲ. ಹೊನ್ನಜ್ಜಿ ನಾಲಗೆಯಿಂದ ತುಟಿ ಸವರಿಕೊಂಡಳು. ನಾಲಗೆ ಒಣಗಿರಲಿಲ್ಲ.

“ಕುಡಿಸು” ಎಂದಳು.

ಮಂಕಾಳಿ ಒಳಗೆ ಹೋಗಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಕಪ್ಪೆಚಿಪ್ಪಿನಲ್ಲಿ ಮೊಗೆದು ಒಂದು ಗುಟುಕು ಹಾಕಿದಳು. ಬೊಮ್ಮಿ ಕಕ್ಕಿದಳು. ಮಂಕಾಳಿ ಸ್ವಲ್ಪ ತಡೆದು ಮತ್ತೊಂದು ಚಿಪ್ಪು ಹಾಕಿದಳು. ಈ ಸಲ ಇಳಿಯಿತು.

ಒಳಗೆ, ಆ ಕತ್ತಲೆಯಲ್ಲಿ, ಅನ್ನದ ಸಿಹಿ ಮುಂದೆ ನಡೆಯಿತು. ಅದರ ಹಿಂದೆ ಉಪ್ಪು. ಉಪ್ಪಿನ ಕೈ ಹಿಡಿದು ನೀರು.

“ಹಿಡಿದಿದ್ದೀಯಾ?” ಎಂದಳು ನೀರು.

“ಹಿಡಿದಿದ್ದೇನೆ.”

“ಬಿಡಬೇಡ.”

“ಬಿಡುವುದಿಲ್ಲ.”

ಸಿಹಿ ಬಾಗಿಲು ತಟ್ಟಿತು, ಬಾಗಿಲು ತೆರೆಯಿತು. ನೀರು ನಡುಗುತ್ತಲೇ ಒಳಗೆ ಹೋದಳು. ಮೊದಲ ಸಲ ಓಡಲಿಲ್ಲ. ಒಂದೊಂದೇ ಚಿಪ್ಪು ಗಂಜಿಯೊಂದಿಗೆ ಒಂದೊಂದೇ ಹೆಜ್ಜೆ ಇಡುತ್ತಾ ಬೊಮ್ಮಿಯ ಬೆರಳ ತುದಿಯವರೆಗೂ ಹೋದಳು.

ಕೂಸನ್ನು ಹಿಡಿದು ಕೂತ ತಾಯಿಗೆ ಇದೊಂದೂ ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದುದು ಮಗಳ ಬಾಡಿದ ಮುಖ ಮತ್ತು ಅದರ ಪಕ್ಕ ಕೂತ ಬಾಯಾರಿಕೆ ಮಾತ್ರ. ಅದು ಕದಲುತ್ತಿರಲಿಲ್ಲ. ಇವಳೂ ಕದಲಲಿಲ್ಲ. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಕೈ ಸೋತಾಗ ಹೊನ್ನಜ್ಜಿ ಚಿಪ್ಪು ತೆಗೆದುಕೊಂಡಳು.

ಸಂಜೆಯ ಹೊತ್ತಿಗೆ ಮಂಕಾಳಿಯ ತೊಡೆ ಬೆಚ್ಚಗೆ ಒದ್ದೆಯಾಯಿತು. ಬೊಮ್ಮಿ ಉಚ್ಚೆ ಹೊಯ್ದಿದ್ದಳು. ನೀನು ಮೂಗು ಮುಚ್ಚಿಕೊಳ್ಳಬೇಡ, ಅಷ್ಟು ಒಳ್ಳೆಯ ಸುದ್ದಿ ಆ ಮನೆಗೆ ಅದಕ್ಕೆ ಮೊದಲು ಬಂದಿರಲಿಲ್ಲ.

ಆಮೇಲೆ ಬೊಮ್ಮಿ ಬಾಯಿ ತೆರೆದು ಅತ್ತಳು. ಕೇರಿಗೆಲ್ಲ ಕೇಳುವ ಹಾಗೆ ಅತ್ತಳು. ಅವಳ ಕಣ್ಣಿನಿಂದ ದಪ್ಪ ದಪ್ಪ ಹನಿ ಉದುರಿತು.

ಒಣಗಿದ ಎಲೆಯ ಸದ್ದಾಯಿತು. ಬಾಯಾರಿಕೆ ಎದ್ದು ಹೊಸ್ತಿಲು ದಾಟಿ ಹೊರಗೆ ಹೋಯಿತು. ದೂರವೇನೂ ಹೋಗಲಿಲ್ಲ.

ಮಂಕಾಳಿ ಮಗಳ ಕೆನ್ನೆಗೆ ತುಟಿ ಒತ್ತಿದಳು, ಒತ್ತಿದವಳು ಬೆಚ್ಚಿ ಮುಖ ಎತ್ತಿದಳು. “ಅತ್ತೆ, ಇದರ ಕಣ್ಣೀರಿಗೆ ರುಚಿ ಉಂಟು.”

ಅಲ್ಲಿಯವರೆಗೆ ಲೋಕದಲ್ಲಿ ಯಾರ ಕಣ್ಣೀರಿಗೂ ರುಚಿ ಇರಲಿಲ್ಲ. ಬೀರ ಸತ್ತಾಗ ಹೊನ್ನಜ್ಜಿ ಸುರಿಸಿದ ಕಣ್ಣೀರೂ ಮಳೆನೀರಿನಷ್ಟೇ ಸಪ್ಪೆ. ಈಗ ಅವಳು ಮೊಮ್ಮಗಳ ಕೆನ್ನೆಯ ಹನಿಯನ್ನು ಬೆರಳಿನಿಂದ ತೆಗೆದು ನಾಲಗೆಗೆ ಇಟ್ಟುಕೊಂಡಳು. ನೀರಿನ ಕೈ ಹಿಡಿದುಕೊಂಡೇ ಹೊರಗೆ ಬಂದಿತ್ತು ಉಪ್ಪು. ತನ್ನ ಮಗನನ್ನು ಕೊಂದದ್ದೂ ಅದೇ, ಮೊಮ್ಮಗಳನ್ನು ಹಿಡಿದು ನಿಲ್ಲಿಸಿದ್ದೂ ಅದೇ. ಮುದುಕಿಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಕೂತಲ್ಲೇ ಬೀರನ ಹೆಸರು ಹಿಡಿದು ಅತ್ತಳು, ಆ ಕಣ್ಣೀರೂ ತುಟಿಗೆ ಉಪ್ಪಾಗಿ ತಾಗಿತು.

ಅದಕ್ಕೇ ಮಗೂ, ಬಿಸಿಲಲ್ಲಿ ಆಡಿ ಬಂದಾಗ ನಿನ್ನ ಬೆವರೂ, ಬಿದ್ದು ಅತ್ತಾಗ ನಿನ್ನ ಕಣ್ಣೀರೂ ಇವತ್ತಿಗೂ ಉಪ್ಪುಪ್ಪು; ಅದಕ್ಕೇ ನಿನಗೆ ಹೊಟ್ಟೆ ಕೆಟ್ಟ ದಿನ ಗಂಜಿ ತಿಳಿಗೆ ಒಂದೇ ಒಂದು ಚಿಟಿಕೆ ಉಪ್ಪು ಹಾಕಿ ಕುಡಿಸುತ್ತಾ, ನಿನ್ನ ಕಣ್ಣಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ನಾವು ಉಸಿರು ಹಿಡಿದು ನೋಡುತ್ತಾ ಕೂರುತ್ತೇವೆ.