ತುಡುವೆ ಹೊದ್ದ ಕಂಬಳಿ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಹೊಳೆ ತನ್ನ ದಾರಿ ಯಾವುದೆಂದು ಹುಡುಕುತ್ತಿತ್ತು, ಬೆಟ್ಟ ಎಲ್ಲಿ ಕೂರಲಿ ಎಂದು ಕೇಳುತ್ತಿತ್ತು. ಆಗ ಜೇನುಹುಳುವಿನ ಮೈಮೇಲೆ ಒಂದು ಕೂದಲೂ ಇರಲಿಲ್ಲ. ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹೂವಿನೊಳಗೆ ಹೋಗುವುದು, ಮಕರಂದ ಕುಡಿಯುವುದು, ಜಾರಿಕೊಂಡು ಹೊರಬರುವುದು, ಅಷ್ಟೇ. ಹೂವಿನ ಪುಡಿ ಹೊತ್ತು ತಿರುಗುವುದು ಗಾಳಿಯ ಕೆಲಸ.

ಆ ಜೇನುಗಳಲ್ಲಿ ಒಬ್ಬಳ ಹೆಸರು ತುಡುವೆ. ಅವಳು ಮೊದಲ ಸಲ ಹಾರಿದ ದಿನ ಮಕರಂದ ಕುಡಿಸಿದ್ದು ಹೊಳೆದಂಡೆಯ ಹೊಂಬಾಳಮ್ಮನ ಹಿತ್ತಲಿನ ಸಿಹಿಗುಂಬಳದ ಬಳ್ಳಿ.

ಒಂದು ಬೆಳಿಗ್ಗೆ ಆ ಬಳ್ಳಿ ಅಳುತ್ತಿತ್ತು.

"ಯಾಕಮ್ಮ, ಏನಾಯ್ತು?" ಎಂದಳು ತುಡುವೆ.

"ನನ್ನ ಹೆಣ್ಣುಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಇರ್ತದೆ. ಗಂಡುಹೂವಿನ ಪುಡಿ ಬಂದು ಹೂವನ್ನ ಮುಟ್ಟಿದರೆ ಅದು ಬೆಳೀತದೆ, ಇಲ್ಲದಿದ್ದರೆ ಉದುರಿಹೋಗ್ತದೆ. ಎಲ್ಲಾ ಉದುರಿದವು. ಒಂದೇ ಒಂದು ಮೊಗ್ಗು ಉಳಿದಿದೆ. ನಾಳೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ತದೆ."

ಹೊಂಬಾಳಮ್ಮ ಉದುರಿದ ಮಿಡಿಗಳನ್ನು ಒಂದೊಂದಾಗಿ ಆಯುತ್ತಿದ್ದಳು. "ಉಳಿದಿದ್ದ ಕೊನೇ ಬೀಜದಿಂದ ಹುಟ್ಟಿದವಳು ನೀನು ಕಣೇ ತಾಯಿ," ಎಂದು ಬಳ್ಳಿಯನ್ನು ಸವರಿದಳು. "ನೀನೂ ಕಾಯಿ ಬಿಡದೆ ಹೋದರೆ ಕುಂಬಳ ಅನ್ನೋದೇ ಇರೋದಿಲ್ಲ."

ತುಡುವೆ ನೇರ ಗಾಳಿಯ ಹತ್ತಿರ ಹೋದಳು. "ಗಾಳಿಯಣ್ಣ, ಕುಂಬಳದ ಪುಡಿ ಯಾಕೆ ಹೊರೋದಿಲ್ಲ ನೀನು?"

"ಎಷ್ಟು ಸಲ ಊದಿದೆ ಗೊತ್ತಾ? ಜೋಳದ ಪುಡಿ ಹಗುರ, ಹುಲ್ಲಿನ ಪುಡಿ ಹಗುರ. ಕುಂಬಳದ್ದು ಅಂಟು, ಭಾರ. ಅಲುಗೋದೇ ಇಲ್ಲ. ನನ್ನಿಂದಾಗದು, ತಂಗಿ."

"ಹಾಗಾದರೆ ನಾನೇ ಹೊರ್ತೀನಿ," ಎಂದಳು ತುಡುವೆ.

ಗಂಡುಹೂವಿನೊಳಗೆ ಹೊರಳಿದಳು. ಪುಡಿ ಜಾರಿತು. ಮತ್ತೆ ಹೊರಳಿದಳು. ಮತ್ತೆ ಜಾರಿತು. ಸಂಜೆಯವರೆಗೂ ಹೊರಳಿದಳು, ಒಂದು ಕಣವೂ ನಿಲ್ಲಲಿಲ್ಲ.

ಬೇಲಿಯ ಮೇಲೆ ಕಂಬಳಿಹುಳು ಕೂತು ನೋಡುತ್ತಿತ್ತು. "ನಾನು ಗೂಡು ಕಟ್ಟಿಕೊಳ್ಳೋಕೆ ಹೊರಟಿದ್ದೀನಿ. ಈ ಕಂಬಳಿ ಇನ್ನು ನನಗೆ ಬೇಡ, ನೀನು ತಗೋ. ಆದರೆ ನೋಡಮ್ಮ, ಒಂದು ಸಲ ಹೊದ್ದರೆ ತೆಗೆಯೋಕಾಗಲ್ಲ. ನಿನ್ನ ಈ ಹೊಳಪು ಹೋಗ್ತದೆ. ನಿನ್ನವರೇ ನಗ್ತಾರೆ."

ತುಡುವೆ ಹೊಳೆಯ ನೀರಲ್ಲಿ ಒಮ್ಮೆ ತನ್ನ ಮೈ ನೋಡಿಕೊಂಡಳು. ಚೆಂದವಾಗಿಯೇ ಇತ್ತು. "ಹೋದರೆ ಹೋಗಲಿ," ಎಂದಳು. ತನ್ನದೇ ಮೇಣ ಬಳಿದುಕೊಂಡು ಕಂಬಳಿಯ ಕೂದಲನ್ನೆಲ್ಲ ಮೈಗೆ ಅಂಟಿಸಿಕೊಂಡಳು.

ಬೆಳಿಗ್ಗೆ ಕೊನೆಯ ಹೆಣ್ಣುಹೂ ಅರಳಿತು. ತುಡುವೆ ಬೇಲಿಯ ಬಳಿಯ ಗಂಡುಹೂವಿನಲ್ಲಿ ಹೊರಳಿದಳು. ಈ ಸಲ ಪುಡಿ ಮೈತುಂಬ ಅಂಟಿತು! ಖುಷಿಗೆ ಬಾಯಾರಿಕೆಯೂ ಆಯಿತು. ದಾರಿಯಲ್ಲಿ ತುಂಬೆಹೂ ಕರೆಯಿತು, ಅವರೆಹೂ ಕರೆಯಿತು. ಎರಡರಲ್ಲೂ ಇಳಿದು ಒಂದೊಂದು ಗುಟುಕು ಕುಡಿದು ಹೆಣ್ಣುಹೂವಿಗೆ ಬಂದಳು.

"ಅಯ್ಯೋ, ಇದು ತುಂಬೆಯ ಪುಡಿ, ಇದು ಅವರೆಯದು," ಎಂದಿತು ಹೂ. "ನನ್ನ ಪುಡಿ ಎಲ್ಲಿ? ಎಲ್ಲಾ ದಾರಿಯಲ್ಲೇ ಕಳಕೊಂಡೆಯಲ್ಲೇ!"

ಬಿಸಿಲು ಏರಿತ್ತು. ಹೂವಿನ ಎಸಳು ಆಗಲೇ ಮಡಚಿಕೊಳ್ಳುತ್ತಿತ್ತು.

ತುಡುವೆಗೆ ಅಳು ಬಂತು. ಆದರೆ ಅಳುತ್ತ ಕೂರಲಿಲ್ಲ. ಬೇಲಿಗೆ ಹಾರಿದಳು, ಗಂಡುಹೂವಿನಲ್ಲಿ ಹೊರಳಿದಳು, ತಿರುಗಿ ಹೊರಟಳು. ತುಂಬೆ ಕರೆಯಿತು, ನಿಲ್ಲಲಿಲ್ಲ. ಅವರೆ ಕರೆಯಿತು, ನಿಲ್ಲಲಿಲ್ಲ. "ಇವತ್ತು ಕುಂಬಳ, ಕುಂಬಳ ಮಾತ್ರ," ಎಂದು ಗುನುಗುತ್ತಲೇ ಬಂದಳು. ಮುಚ್ಚುತ್ತಿದ್ದ ಎಸಳುಗಳ ಸಂದಿಯಲ್ಲಿ ತಲೆ ತೂರಿಸಿ, ಒಳಗೆ ನುಗ್ಗಿ, ಹೂವಿನ ನಡುವಿಗೆ ಮೈ ಒರೆಸಿದಳು.

"ಇದು, ಇದೇ ನನ್ನದು," ಎಂದಿತು ಹೂ.

ಮೂರು ದಿನ ಹೊಂಬಾಳಮ್ಮ ಬಳ್ಳಿಯ ಹತ್ತಿರ ಬರಲೇ ಇಲ್ಲ, ಅವಳಿಗೆ ಭಯ. ನಾಲ್ಕನೇ ದಿನ ಎಲೆ ಸರಿಸಿದಳು. ಕಾಯಿ ಉದುರಿರಲಿಲ್ಲ. ನಿಂಬೆಹಣ್ಣಿನಷ್ಟಾಗಿತ್ತು. ಆಮೇಲೆ ತೆಂಗಿನಕಾಯಿಯಷ್ಟಾಯಿತು, ಆಮೇಲೆ ಬಿಂದಿಗೆಯಷ್ಟಾಯಿತು. ಅದನ್ನು ಒಡೆದಾಗ ಒಳಗೆ ಬೊಗಸೆ ತುಂಬಿ ಸುರಿಯುವಷ್ಟು ಬೀಜ. ಹೊಂಬಾಳಮ್ಮ ಹೊಳೆಯುದ್ದಕ್ಕೂ ಮನೆಮನೆಗೆ ಹಂಚಿದಳು.

ತುಡುವೆಯ ಕಂಬಳಿ ಕಂಡು ಮೊದಲು ನಕ್ಕಿದ್ದ ಜೇನುಗಳೆಲ್ಲ ತಮಗೂ ಒಂದು ಕಂಬಳಿ ಬೇಕೆಂದು ಒಂದೊಂದಾಗಿ ಕಂಬಳಿಹುಳುಗಳ ಮನೆ ಹುಡುಕಿಕೊಂಡು ಹೊರಟವು.

ಅದಕ್ಕೇ ಮಗು, ಇವತ್ತಿಗೂ ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದರೆ, ಮೈತುಂಬ ಕೂದಲಿರುವ ಜೇನೊಂದು ಹಳದಿ ಪುಡಿ ಮೆತ್ತಿಕೊಂಡು, ಪಕ್ಕದ ಹೂ ಎಷ್ಟೇ ಕರೆದರೂ ತಿರುಗದೆ, ಕುಂಬಳದ ಹೂವಿಂದ ಕುಂಬಳದ ಹೂವಿಗೇ ಗುನುಗುತ್ತ ಹೋಗುತ್ತಿರುತ್ತದೆ.